ಬಾಡಿಗೆ ಕುರ್ಚಿಗಳ ಫೇಸ್‌ಬುಕ್ ಪುಟ

ಸಿದ್ಧಕಟ್ಟೆಯಲ್ಲಿ ನಮ್ಮದೊಂದು ಶಾಮಿಯಾನದ ಅಂಗಡಿ. ಪ್ಲಾಸ್ಟಿಕ್ ಕುರ್ಚಿ, ಮೇಜು, ಟರ್ಪಾಲು, ಅನ್ನದ ಕೊಪ್ಪರಿಗೆ, ಸಾರಿನ ಬಕೆಟ್ಟು, ಎಲ್ಲ ಬಾಡಿಗೆಗೆ ಸಿಗುತ್ತದೆ. ನಮ್ಮ ಯಜಮಾನರಿಗೆ ಮದುವೆಮನೆಗಿಂತ ಸಾವಿನ ಮನೆಯಲ್ಲೇ ಹೆಸರು ಜಾಸ್ತಿ. ಯಾರೋ ತೀರಿಕೊಂಡರೆಂದು ಕಿವಿಗೆ ಬಿದ್ದರೆ ಸಾಕು, ಬಾಡಿಗೆಯ ಮಾತೇ ಎತ್ತದೆ ಅಂಗಳಕ್ಕೆ ಟರ್ಪಾಲು ಕಟ್ಟಿ, ಕುರ್ಚಿ ಹಾಕಿ, ಆಮೇಲೆ ಮನೆಯವರಲ್ಲಿ ಒಬ್ಬರಾಗಿ ಸೌದೆ ಹೊರಲು ನಿಲ್ಲುತ್ತಿದ್ದರು. ಗ್ರಾಹಕರ ಸಂಪರ್ಕ ಅಂದರೆ ನಮಗೆ ಇಷ್ಟೇ ಆಗಿತ್ತು.

ಹಾಗಿರುವಾಗ ಮೂಡುಬಿದಿರೆಯಲ್ಲಿ ಸಣ್ಣ ವ್ಯಾಪಾರಿಗಳಿಗೆಂದು ನಡೆದ ಒಂದು ತರಬೇತಿಗೆ ಹೋಗಿಬಂದರು. ಸೋಷಿಯಲ್ ಮೀಡಿಯಾದಲ್ಲಿ ಗ್ರಾಹಕರೊಂದಿಗೆ ಸಂಬಂಧ ಬೆಳೆಸುವುದು ಹೇಗೆ ಎಂಬುದು ವಿಷಯ. ಊಟ ಚೆನ್ನಾಗಿತ್ತಂತೆ. ಟೈ ಕಟ್ಟಿದವನೊಬ್ಬ, ಕಣ್ಣಿಗೆ ಕಾಣಿಸದವನು ಮಾರುಕಟ್ಟೆಯಲ್ಲೇ ಇಲ್ಲ ಎಂದನಂತೆ. ನಮ್ಮವರ ತೂಕ ಕ್ವಿಂಟಾಲಿಗೆ ಹತ್ತಿರ. ಅವರು ಯಾರ ಕಣ್ಣಿಗೆ, ಯಾವಾಗ ಕಾಣಿಸದೆ ಹೋದರೋ ನನಗೆ ತಿಳಿಯಲಿಲ್ಲ.

ಮರುದಿನದಿಂದಲೇ ಫೋಟೋ ಶುರು. ಪೇರಿಸಿಟ್ಟ ಕುರ್ಚಿ, ಸಾಲಾಗಿಟ್ಟ ಕುರ್ಚಿ, ಬಿಸಿಲಲ್ಲಿ ಕುರ್ಚಿ. ನಾನು ಹುಣಸೆಹುಳಿ ಹಾಕಿ ಕೊಪ್ಪರಿಗೆ ಉಜ್ಜುತ್ತಿದ್ದರೆ ಅದಕ್ಕೂ ಕೊಳಲಿನ ಸಂಗೀತ ಸೇರಿಸಿ ರೀಲು ಮಾಡಿದರು. ಲೈಕುಗಳೇನೋ ಬಂದವು. ಒತ್ತಿದವರೆಲ್ಲ ದುಬೈ, ಕತಾರಿನ ನೆಂಟರು. ‘ಸೂಪರ್ ಭಾವ’ ಎಂದು ಬರೆದವರಲ್ಲಿ ಒಬ್ಬರಿಗೂ ನಮ್ಮ ಒಂದು ಸ್ಟೂಲು ಕೂಡ ಬೇಕಾಗಿರಲಿಲ್ಲ. ಬೇಕಾದವರು ಮೊದಲಿನಂತೆ ಹಾಲಿನ ಡೈರಿಯ ಹತ್ತಿರ ಸಿಕ್ಕಾಗ ಹೇಳಿಹೋಗುತ್ತಿದ್ದರು. ಇವರು ಅವರನ್ನೂ ತಡೆದು, “ಹೀಗೆ ಬಾಯಲ್ಲಿ ಹೇಳುವುದಲ್ಲ, ಒಂದು ಮೆಸೇಜ್ ಹಾಕಿ” ಎನ್ನತೊಡಗಿದರು.

ಸಂತುಷ್ಟ ಗ್ರಾಹಕರ ವಿಡಿಯೊ ಹಾಕಬೇಕು ಎಂಬುದೂ ತರಬೇತಿಯ ಪಾಠವೇ. ಬೆಳ್ತಂಗಡಿ ಕಡೆ ಒಂದು ಬೊಜ್ಜ, ಅಂದರೆ ಉತ್ತರಕ್ರಿಯೆ. ಊಟ ಮುಗಿಸಿ ಕೈ ತೊಳೆಯುತ್ತಿದ್ದ ಆ ಮನೆಯ ಅಳಿಯನ ಮುಂದೆ ಇವರು ಫೋನು ಹಿಡಿದು ನಿಂತದ್ದನ್ನು ಕಂಡು ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ಎಂತ ಮಾಡ್ತಿದ್ದೀರಿ ನೀವು?”

“ನಮ್ಮ ಸೇವೆ ಹೇಗಿತ್ತು ಅಂತ ಎರಡು ಮಾತು ಹೇಳಿಸುವ ಅಂತ.”

“ಹಾಗಾದ್ರೆ ಸತ್ತವರ ಹತ್ರವೇ ಕೇಳಿ. ಅವರಿಗಲ್ವಾ ಇಷ್ಟೆಲ್ಲ ಮಾಡಿದ್ದು?”

ಫೋನು ಜೇಬಿಗೆ ಹೋಯಿತು. ಹುಚ್ಚು ಮಾತ್ರ ಎಲ್ಲಿಗೂ ಹೋಗಲಿಲ್ಲ.

ಗ್ರಾಹಕ ಕಾಯಬಾರದು ಎಂದೂ ಆ ಟೈ ಕಟ್ಟಿದವನು ಹೇಳಿದ್ದನಂತೆ. ಅದಕ್ಕೆ ಯಾರು ವಾಟ್ಸಾಪ್ ಮಾಡಿದರೂ ಮರುಕ್ಷಣವೇ ತಾನಾಗಿ ಉತ್ತರ ಹೋಗುವ ಹಾಗೆ ಮಾಡಿಸಿಕೊಂಡರು. ಒಕ್ಕಣೆ ಇವರದ್ದೇ: ‘ನಮ್ಮನ್ನು ನೆನಪಿಸಿಕೊಂಡದ್ದಕ್ಕೆ ಸಂತೋಷ. ನಿಮ್ಮ ಮನೆಯ ಸಮಾರಂಭ ನಮ್ಮ ಮನೆಯ ಸಮಾರಂಭ. ಇಂಥ ಅವಕಾಶ ಮತ್ತೆ ಮತ್ತೆ ಕೊಡುತ್ತಿರಿ.’ ಕೊನೆಗೆ ಎರಡು ಗುಲಾಬಿ. ಅಂಗಡಿಗೆ ಬೇರೆ, ಮನೆಗೆ ಬೇರೆ ಎಂದು ಎರಡು ನಂಬರು ಇರಲಿಲ್ಲ. ಇದ್ದದ್ದು ಒಂದೇ.

ನಾರಾವಿಯಲ್ಲಿ ಇವರ ಗೆಳೆಯರೊಬ್ಬರಿದ್ದಾರೆ. ಶಾಲೆಯಲ್ಲಿ ಇಬ್ಬರೂ ಒಂದೇ ಬೆಂಚು. ನಮ್ಮ ಅತ್ತೆ ಇವರ ಚಿಕ್ಕಂದಿನಲ್ಲೇ ತೀರಿಹೋದವರು. ಆ ಗೆಳೆಯನ ತಾಯಿ ತನ್ನ ಮಗನ ಬುತ್ತಿಯ ಜೊತೆ ಇವರಿಗೂ ಒಂದು ಕಟ್ಟಿ ಕಳುಹಿಸುತ್ತಿದ್ದರು. ಆಕೆಯನ್ನು ಇವರು ಕರೆಯುತ್ತಿದ್ದದ್ದೇ ಅಮ್ಮ ಎಂದು.

ಒಂದು ಬೆಳಿಗ್ಗೆ ಅಲ್ಲಿಂದ ಮೆಸೇಜ್ ಬಂತು: ‘ಅಮ್ಮ ಹೋದರು. ಬೇಗ ಬಾ.’ ನಮ್ಮವರು ಆಗ ಗುರುವಾಯನಕೆರೆಯ ಒಂದು ಮದುವೆ ಹಾಲ್‌ನಲ್ಲಿ ಹೊಸ ಸ್ವಾಗತ ಕಮಾನಿನ ರೀಲು ಮಾಡುವುದರಲ್ಲಿ ಮುಳುಗಿದ್ದರು. ಅವರ ಪರವಾಗಿ ವಾಟ್ಸಾಪೇ ಉತ್ತರ ಕೊಟ್ಟಿತು. ಸಂತೋಷ ತಿಳಿಸಿತು. ಇಂಥ ಅವಕಾಶ ಮತ್ತೆ ಮತ್ತೆ ಕೊಡಿ ಎಂದಿತು. ಗುಲಾಬಿಯನ್ನೂ ಮರೆಯಲಿಲ್ಲ. ಆಮೇಲೆ ಅಲ್ಲಿಂದ ಮೆಸೇಜೂ ಇಲ್ಲ, ಫೋನೂ ಇಲ್ಲ.

ಮಧ್ಯಾಹ್ನ ಮನೆಗೆ ಬಂದು ಊಟಕ್ಕೆ ಕುಳಿತಾಗ ಇವರು ಅದನ್ನು ನೋಡಿದ್ದು. ಎರಡನ್ನೂ ಓದಿ ಫೋನನ್ನು ನನ್ನ ಕೈಗೆ ಕೊಟ್ಟರು. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಆ ಮುಖ ನೋಡಿ ನಾಲಗೆಗೆ ಬಂದ ಕೊಂಕನ್ನು ನುಂಗಿಕೊಂಡೆ; ಪಾಪ ಅನ್ನಿಸಿತು. ಕಲಸಿದ ಅನ್ನ ಬಿಟ್ಟು ಎದ್ದು ಪಿಕಪ್ಪಿಗೆ ಕುರ್ಚಿ, ಟರ್ಪಾಲು ಹೇರಿದರು. ನಾನೂ ಹತ್ತಿದೆ.

ನಾರಾವಿ ತಲುಪುವಾಗ ಎಲ್ಲ ಮುಗಿದಿತ್ತು. ಅಂಗಳದಲ್ಲಿ ಇನ್ಯಾರದೋ ಟರ್ಪಾಲು, ಇನ್ಯಾರದೋ ಕುರ್ಚಿ. ಗೆಳೆಯ ಸ್ನಾನ ಮುಗಿಸಿ ಒದ್ದೆ ತಲೆಯಲ್ಲೇ ಜಗಲಿಯ ಮೇಲೆ ಕುಳಿತಿದ್ದರು. ನಮ್ಮವರು ಎದುರಿಗೆ ಹೋಗಿ ನಿಂತರು. ಬಾಯಿಗೆ ಬಂದದ್ದು ಅಂಗಡಿಯ ಮಾತೇ.

“ಕುರ್ಚಿ ತಂದಿದ್ದೇನೆ. ಟರ್ಪಾಲು ಕೂಡ ಉಂಟು. ಆ ಮೆಸೇಜ್ ಅದರಷ್ಟಕ್ಕೇ ಹೋದದ್ದು ಮಾರಾಯ, ನಾನು ಕಳಿಸಿದ್ದಲ್ಲ.”

“ನೀನಲ್ಲ ಅಂತ ನನಗೆ ಗೊತ್ತುಂಟು,” ಎಂದರು ಗೆಳೆಯ. ದನಿಯಲ್ಲಿ ಸಿಟ್ಟಿರಲಿಲ್ಲ. “ಕುರ್ಚಿ ಇಲ್ಲಿಯೂ ಸಿಗ್ತದೆ ಮಾರಾಯ. ನಾನು ಕುರ್ಚಿಗೆ ಅಂತ ಹೇಳಿದ್ದಲ್ಲ. ಅಮ್ಮನನ್ನು ಎತ್ತುವಾಗ ಒಂದು ಬದಿಗೆ ನಾನು, ಇನ್ನೊಂದು ಬದಿಗೆ ನೀನು ಅಂತ ಇತ್ತು. ಸ್ವಲ್ಪ ಹೊತ್ತು ಕಾದೆವು. ಮತ್ತೆ ಪಕ್ಕದ ಮನೆಯವ ಹೆಗಲು ಕೊಟ್ಟ.”