ಹತ್ತು ಗಂಟೆಯ ನೆರಳಿಗೆ ಹದಿನಾರು ಅಕ್ಷರ

ಶುಕ್ರವಾರ, ಬೆಳಿಗ್ಗೆ ಆರು ಗಂಟೆ. ಹೊಸ ಕೋರ್ಟು ಕಟ್ಟಡದ ಮುಂದೆ ಒಂದು ನರಪಿಳ್ಳೆಯೂ ಇಲ್ಲ, ಟಕ್ ಟಕ್ ಸದ್ದೊಂದೇ ಇದೆ. ಮುಂಬಾಗಿಲ ಪಕ್ಕದ ಗೋಡೆಗೆ ತಲೆಗಿಂತ ಎತ್ತರದಲ್ಲಿ ಕೂರಿಸಿದ ಕರಿಕಲ್ಲು, ಅದರ ಮುಂದೆ ಮರದ ಅಟ್ಟಣಿಗೆ, ಅಟ್ಟಣಿಗೆಯ ಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಉಳಿ ಹಿಡಿದ ಹೆಂಗಸು. ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರ ಅತ್ತೆ, ತೊಡೆಯ ಮೇಲೆ ಗೋಡೆಗನ್ನಡಿ ನಿಲ್ಲಿಸಿಕೊಂಡು ಎಳೆಬಿಸಿಲನ್ನು ಹಿಡಿದು ಓರೆಯಾಗಿ ಕಲ್ಲಿನ ಮೇಲೆ ಬಿಡುತ್ತಿದ್ದಾರೆ. ಬೆಳಕು ಓರೆಯಾಗಿ ಬಿದ್ದರೆ ಅಕ್ಷರದ ಹಳ್ಳದೊಳಗಿನ ಒಂದೊಂದು ಏರುತಗ್ಗೂ ಎದ್ದು ಕಾಣುತ್ತದೆ. ಈ ಸೊಸೆಗೆ ನಲವತ್ತಾರು ವರ್ಷ. ಕಲ್ಲಿನ ಅಂಗಡಿಗಳ ಬೀದಿಯಲ್ಲಿ ಎಲ್ಲರ ಬಾಯಲ್ಲೂ ಅವರು ಉಳಿಯಕ್ಕ.

ಅವರು ಕೆತ್ತುತ್ತಿರುವುದು ಈ ಭಾಗದಲ್ಲಿ ನ್ಯಾಯಪೀಠ ಏರಿದ ಮೊದಲ ಹೆಣ್ಣುಮಗಳ ಹೆಸರನ್ನು. ಆ ನ್ಯಾಯಾಧೀಶೆ ತೀರಿಕೊಂಡು ಹನ್ನೊಂದು ವರ್ಷವಾಯಿತು. ಆಮೇಲೆ ಒಂದು ರಸ್ತೆಗೆ ಅವರ ಹೆಸರು ಬಂತು, ಹೆಣ್ಣುಮಕ್ಕಳ ಹಾಸ್ಟೆಲಿಗೆ ಬಂತು, ಕಾನೂನು ಕಾಲೇಜಿನ ಓದುವ ಕೋಣೆಗೆ ಬಂತು, ವರ್ಷವರ್ಷ ಕೊಡುವ ಚಿನ್ನದ ಪದಕಕ್ಕೂ ಬಂತು. ಈಗ ಇಡೀ ಕೋರ್ಟಿಗೇ ಬರುತ್ತಿದೆ. ಪದಕದ ಅಚ್ಚನ್ನೂ ಸೇರಿಸಿ ಈ ಐದೂ ಕಡೆ ಹೆಸರು ಕೆತ್ತಿದ ಕೈ ಒಂದೇ! ಇದು ಆ ರಸ್ತೆಯಲ್ಲಿ ದಿನಾ ಓಡಾಡುವವರಿಗೂ ಗೊತ್ತಿಲ್ಲ.

ಶನಿವಾರ ಹತ್ತು ಗಂಟೆಗೆ ಅನಾವರಣ. ಅಂದರೆ ಉಳಿದಿರುವುದು ಒಂದೇ ಹಗಲು, ಮತ್ತು ಕಲ್ಲಿನ ಮೇಲಿನ ಹೆಸರು ಯಾರಿಗೂ ಕಾಣುತ್ತಿಲ್ಲ.

ತಪ್ಪು ತನ್ನದೇ ಎಂದು ಉಳಿಯಕ್ಕ ಮೊದಲೇ ಒಪ್ಪಿಕೊಳ್ಳುತ್ತಾರೆ. ಕಲ್ಲು ಹೊರಗೋಡೆಗೆ ಹೋಗುತ್ತದೆಂದು ಅಂಗಳದ ಬಿಸಿಲಲ್ಲಿಟ್ಟು ಕೆತ್ತಿದ್ದರು. ಆಮೇಲೆ ಕಟ್ಟಡದವರು ಫೋನ್ ಮಾಡಿ, ಹೊರಗಲ್ಲ, ಕಂಬಗಳ ಹಿಂದಿನ ಗೋಡೆಗೆ ಎಂದರು. ಇವರು ಆಯಿತು ಎಂದುಬಿಟ್ಟರು, ಹೋಗಿ ಗೋಡೆ ನೋಡಲಿಲ್ಲ. ಗುರುವಾರ ಹತ್ತು ಗಂಟೆಗೆ ಬಂದು ನಿಂತಾಗಲೇ ಗೊತ್ತಾಗಿದ್ದು. ಎಂಟು ದಾಟಿದರೆ ಸೂರ್ಯ ಚಾವಣಿಯ ಮೇಲೆ, ಕಲ್ಲು ಪೂರ್ತಿ ನೆರಳಲ್ಲಿ. ತೆಳುವಾಗಿ ಕೆತ್ತಿದ ಹದಿನಾರೂ ಅಕ್ಷರ ಮಾಯ, ಬರೀ ಕರಿ ಹಲಗೆ.

ಅತ್ತೆ ಕನ್ನಡಿ ಅಲುಗಿಸದೆ ಹೇಳುತ್ತಾರೆ: "ಗೋಡೆ ನೋಡ್ದೆ ಉಳಿ ಮುಟ್ಬೇಡ ಅಂತ ಇಪ್ಪತ್ತು ವರ್ಷದಿಂದ ಬಡ್ಕೊಂಡೆ. ಹುಡುಗಿ ಮುಖ ನೋಡ್ದೆ ಮದುವೆ ಮಾಡ್ಕೊಂಡಂಗೆ."

"ನಿಮ್ಮ ಮಗ ನನ್ನ ಮುಖ ನೋಡಿದ್ದೂ ಮದುವೆ ಆದ್ಮೇಲೇ ಅಲ್ವಾ ಅತ್ತೆ?" ಉಳಿಯಕ್ಕ ತಿರುಗಿ ನೋಡುವುದಿಲ್ಲ, ಸುತ್ತಿಗೆಯೂ ನಿಲ್ಲುವುದಿಲ್ಲ.

ಕೆಲಸ ಕಲಿಸಿದ್ದು ಈ ಅತ್ತೆಯೇ. ಉಳಿಯಕ್ಕನ ಗಂಡ ಕಲ್ಲುಧೂಳಿಗೆ ಕೆಮ್ಮಿ ಕೆಮ್ಮಿ ಹಾಸಿಗೆ ಹಿಡಿದಾಗ ಅಂಗಡಿ ಮುಚ್ಚುವ ಬದಲು ಸೊಸೆಯ ಕೈಗೆ ಉಳಿ ಕೊಟ್ಟರು. ಒಂದು ವರ್ಷ ಬರೀ ಗೀಟು, ಇನ್ನೊಂದು ವರ್ಷ ಬರೀ ಸುತ್ತು, ಆಮೇಲೆ ಅಕ್ಷರ. ಇಪ್ಪತ್ತೆರಡು ಉಳಿಗಳಿವೆ, ಗಂಟೆಗೆ ಮೂರು ಸಲ ಮಸೆಯಬೇಕು. ಕರಿಕಲ್ಲಿನಲ್ಲಿ ದಿನಕ್ಕೆ ಏಳು ಅಕ್ಷರ ಇಳಿದರೆ ಅದೇ ಹೆಚ್ಚು. ಗುರುವಾರ ಸಂಜೆಯೊಳಗೆ ಐದನ್ನು ಆಳ ಮಾಡಿ ಮುಗಿಸಿದ್ದಾರೆ. ಇನ್ನು ಹನ್ನೊಂದು.

ಏಳೂವರೆಗೆ ಕಟ್ಟಡದ ಎಂಜಿನಿಯರ್ ಬರುತ್ತಾರೆ. ಯಾಕೆ ಇಷ್ಟು ಒದ್ದಾಟ, ಚಿನ್ನದ ಬಣ್ಣ ತುಂಬಿದರೆ ಅರ್ಧ ಗಂಟೆಯ ಕೆಲಸ ಎನ್ನುವುದು ಅವರ ವಾದ. ಅನಾವರಣಕ್ಕೆ ದೊಡ್ಡವರೆಲ್ಲ ಬರುತ್ತಾರೆ, ಹೆಸರು ಕಾಣದಿದ್ದರೆ ಕೇಳುವುದು ತನ್ನನ್ನೇ ಎಂಬ ದಿಗಿಲೂ ಇದೆ. ಉಳಿಯಕ್ಕ ಅಟ್ಟಣಿಗೆ ಇಳಿದು ನೀರು ಕುಡಿದು ನಿಧಾನವಾಗಿ ಉತ್ತರ ಕೊಡುತ್ತಾರೆ. "ಬಣ್ಣ ಎರಡು ವರ್ಷಕ್ಕೆ ಉದುರುತ್ತೆ ಸಾರ್. ನೆರಳು ಉದುರಲ್ಲ. ಹಳ್ಳ ಆಳ ಇದ್ರೆ ಅದರೊಳಗೆ ನೆರಳು ತಾನಾಗೇ ಬಂದು ಕೂರುತ್ತೆ."

ಎಂಜಿನಿಯರ್ ಒಪ್ಪುವುದಿಲ್ಲ, ಬೇಡ ಎಂದೂ ಹೇಳುವುದಿಲ್ಲ. ಬಣ್ಣದ ಡಬ್ಬಿ ತರಿಸಿ ಕಂಬದ ಬುಡದಲ್ಲಿ ಇಡುತ್ತಾರೆ. ನಾಳೆ ಒಂಬತ್ತಕ್ಕೆ ಮೆಟ್ಟಿಲ ಕೆಳಗಿಂದ ಹೆಸರು ಓದಲು ಬರದಿದ್ದರೆ ಬಣ್ಣವೇ ಗತಿ ಎಂದು ಹೇಳಿ ಹೋಗುತ್ತಾರೆ.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ, ಒಂಬತ್ತನೆಯ ಅಕ್ಷರದಲ್ಲಿ, ಎಡವಟ್ಟಾಗುತ್ತದೆ. ಕಲ್ಲಿನೊಳಗೆ ಅಡಗಿದ್ದ ಬಿಳಿ ಎಳೆಯೊಂದಕ್ಕೆ ಉಳಿ ತಾಗಿ, ಉಗುರಿನ ತುದಿಯಷ್ಟು ಚಕ್ಕೆ ಅಂಚಿನಿಂದ ಎದ್ದು ಕೆಳಗೆ ಬೀಳುತ್ತದೆ. ಕಲ್ಲು ಗೋಡೆಗೆ ಕೂತಾಗಿದೆ, ಬದಲಾಯಿಸಲು ಹೊತ್ತಿಲ್ಲ. ಸುತ್ತಿಗೆ ನಿಂತಿದೆ. ಉಳಿಯಕ್ಕ ಸುಮಾರು ಹೊತ್ತು ಆ ಗಾಯದ ಮೇಲೆ ಬೆರಳಾಡಿಸುತ್ತಾರೆ.

ಆಮೇಲೆ ಉಳಿಯಕ್ಕ ಸೀಮೆಸುಣ್ಣ ತೆಗೆದು ಒಂಬತ್ತನೆಯ ಅಕ್ಷರದ ಸುತ್ತ, ಚಕ್ಕೆ ಎದ್ದ ಜಾಗವೂ ಒಳಗೆ ಸೇರುವಂತೆ, ಹೊಸ ಗೆರೆ ಎಳೆಯುತ್ತಾರೆ. ಬಳಿಕ ಹಿಂದಿನ ಎಂಟಕ್ಕೂ, ಮುಂದಿನ ಏಳಕ್ಕೂ ಅದೇ ಅಳತೆ, ಒಂದು ಅಕ್ಕಿಕಾಳಿನಷ್ಟು ಹೆಚ್ಚು ಅಗಲ. "ಒಂದಕ್ಷರ ದಪ್ಪ ಆದ್ರೆ ತಪ್ಪು ಅಂತಾರೆ. ಎಲ್ಲಾ ದಪ್ಪ ಆದ್ರೆ ಚೆಂದ ಅಂತಾರೆ" ಎನ್ನುತ್ತಾರೆ. ಮುಗಿದ ಅಕ್ಷರಗಳೂ ಮತ್ತೆ ಕೆಲಸಕ್ಕೆ ಬಂದವು. ಒಂದು ಕೈಗೆ ಇದು ಸಾಧ್ಯವೇ ಇಲ್ಲ.

ಆಗ ಅತ್ತೆ ಕನ್ನಡಿಯನ್ನು ಗೋಡೆಗೆ ಒರಗಿಸಿ ಎದ್ದು ನಿಲ್ಲುತ್ತಾರೆ. ಎಪ್ಪತ್ನಾಲ್ಕು ವರ್ಷ. ಕೈ ನಡುಗುತ್ತದೆಂದು ಉಳಿ ಬಿಟ್ಟು ಒಂಬತ್ತು ವರ್ಷವಾಗಿದೆ. "ಗೀಟು ನನಗಿರ್ಲಿ, ಸುತ್ತು ನೀನು ಮಾಡು" ಎಂದು ಅಟ್ಟಣಿಗೆ ಹತ್ತುತ್ತಾರೆ. ಉಳಿ ಕಲ್ಲಿಗೆ ತಾಗುವ ತನಕ ಆ ಕೈ ನಡುಗುತ್ತದೆ, ತಾಗಿದ ಮೇಲೆ ನಡುಗುವುದಿಲ್ಲ! ಕತ್ತಲಾಗುವವರೆಗೆ ಇಬ್ಬರೂ ಹೆಗಲಿಗೆ ಹೆಗಲು ತಾಗಿಸಿಕೊಂಡು, ತಲೆಗೂದಲಿಗೆಲ್ಲ ಕಲ್ಲುಪುಡಿ ಮೆತ್ತಿಸಿಕೊಂಡು ಕೆತ್ತುತ್ತಾರೆ. ಶನಿವಾರ ಬೆಳಕು ಹರಿಯುವಾಗ ಮತ್ತೆ ಹಾಜರು. ಕೊನೆಯ ಸುತ್ತು ಮುಗಿದಾಗ ಎಂಟೂ ಮುಕ್ಕಾಲು.

ಓದಿ ನೋಡಲು ಎಂಜಿನಿಯರ್ ಕರೆತರುವುದು ಹಳೇ ಕೋರ್ಟಿನ ನಿವೃತ್ತ ಜವಾನರನ್ನು. ಆ ನ್ಯಾಯಾಧೀಶೆಯ ಕೋಣೆಯ ಬಾಗಿಲಲ್ಲಿ ಹದಿನಾಲ್ಕು ವರ್ಷ ನಿಂತವರು, ಸೋಡಾಬುಡ್ಡಿ ಕನ್ನಡಕ. ಒಂಬತ್ತು ಗಂಟೆ, ಕಲ್ಲು ಪೂರ್ತಿ ನೆರಳಲ್ಲಿದೆ. ಮೆಟ್ಟಿಲ ಕೆಳಗೆ ನಿಂತ ಅವರು ಕನ್ನಡಕವನ್ನು ಮೂಗಿನ ಮೇಲೆ ಒತ್ತಿಕೊಂಡು ಒಂದೊಂದೇ ಅಕ್ಷರ ಕೂಡಿಸಿ, ಕೊನೆಗೆ ಇಡೀ ಹೆಸರನ್ನು ಗಟ್ಟಿಯಾಗಿ ಓದುತ್ತಾರೆ. "ಇಷ್ಟು ದೂರಕ್ಕೆ ಕಾಣ್ತಾರಲ್ಲಪ್ಪಾ. ಮೊದಲ್ನೇ ದಿನ ಆ ಎತ್ತರದ ಕುರ್ಚಿ ಮೇಲೆ ಅಮ್ಮನವರ ಕಾಲು ನೆಲಕ್ಕೆ ಎಟುಕ್ತಿರಲಿಲ್ಲ, ಗೊತ್ತಾ" ಎನ್ನುತ್ತಾರೆ. ಎಂಜಿನಿಯರ್ ಬಣ್ಣದ ಡಬ್ಬಿ ಎತ್ತಿಕೊಂಡು ಹೋಗುತ್ತಾರೆ.

ಹತ್ತಕ್ಕೆ ಪರದೆ ಸರಿಯುತ್ತದೆ, ಚಪ್ಪಾಳೆ ಬೀಳುತ್ತದೆ, ಜನ ಹೆಸರು ಓದುತ್ತಾ ಒಳಗೆ ಹೋಗುತ್ತಾರೆ. ಅತ್ತೆ ಸೊಸೆ ಗೇಟಿನ ಬಳಿ ನಿಂತಿದ್ದಾರೆ. ವೇದಿಕೆಗೆ ಯಾರೂ ಕರೆದಿಲ್ಲ, ಅದರ ಬಗ್ಗೆ ಉಳಿಯಕ್ಕನಿಗೆ ಬೇಸರವೂ ಇಲ್ಲ. ಏನಾದರೂ ಆಸೆ ಇದೆಯೇ ಎಂದರೆ ಮೂಗಿನ ಬಟ್ಟೆ ಬಿಚ್ಚಿ, ಮಡಚಿ, ನಗುತ್ತಾರೆ.

"ಐದು ಕಡೆ ಅಮ್ಮನವರ ಹೆಸರು ಕೆತ್ತಿದೀನಿ, ಇವತ್ತಿನವರೆಗೂ ಕೋರ್ಟಿನ ಒಳಗೆ ಕಾಲಿಟ್ಟಿಲ್ಲ. ಒಂದು ದಿನ ಅತ್ತೇನ ಕರ್ಕೊಂಡು ಹೋಗಿ ಹಿಂದಿನ ಬೆಂಚಲ್ಲಿ ಕೂತು, ಒಂದು ಕೇಸು ಮೊದಲಿಂದ ಕೊನೇವರೆಗೂ ಕೇಳ್ಬೇಕು. ನಮ್ಮ ಕೇಸಾಗಿರಬಾರದು, ಅಷ್ಟೆ."