ಬಂದರಿನ ಗೋದಾಮಿನಲ್ಲಿ ಒಂದು ತಲೆ ಕಡಿಮೆ

ವಸತಿ ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿ ಆಯುಷ್ಯ ಕಳೆದವನು ನಾನು. ಮಕ್ಕಳ ಸಾಲು ಬಾಗಿಲು ದಾಟಿದಾಗಲೆಲ್ಲ ಕಣ್ಣು ತಾನಾಗಿಯೇ ತಲೆ ಎಣಿಸುತ್ತದೆ. ಸ್ವೀಡನ್ನಿನ ಗೋಥೆನ್‌ಬರ್ಗ್ ಬಂದರಿನ ಹಳೆಯ ಗೋದಾಮಿನಲ್ಲಿ ಆ ಬೆಳಿಗ್ಗೆ ಎಣಿಸಿದಾಗ ಒಂದು ತಲೆ ಕಡಿಮೆ ಬಂತು. ಮತ್ತೆ ಎಣಿಸಿದೆ. ಇಲ್ಲದವಳು ನನ್ನ ಮೊಮ್ಮಗಳು.

ಅದು ಅವಳ ಶಾಲೆಯ ಪ್ರವಾಸ. ಜೊತೆಗೆ ದೊಡ್ಡವರೊಬ್ಬರು ಬೇಕೆಂದು ಕೇಳಿದ್ದರು. ಮಗಳಿಗೂ ಅಳಿಯನಿಗೂ ಆಫೀಸು. ಮೂರು ತಿಂಗಳಿಗೆಂದು ಬಂದಿದ್ದ ನಾನೇ ಹೊರಟೆ. ಟ್ರಾಮ್ ನಿಲ್ದಾಣದಲ್ಲಿ ಮಕ್ಕಳನ್ನು ಇಬ್ಬಿಬ್ಬರಾಗಿ ನಿಲ್ಲಿಸಲು ಹೋದಾಗ ಅವಳಿಗೆ ನಾಚಿಕೆಯಾಯಿತು.

"ತಾತ, ಪ್ಲೀಸ್. ಇದು ಆರ್ಮಿ ಅಲ್ಲ."

"ಆರ್ಮಿ ಆಗಿದ್ರೆ ನಿನ್ನ ಶೂ ಲೇಸು ಹೀಗೆ ನೇತಾಡ್ತಿರ್ಲಿಲ್ಲ."

ಅವಳು ನಕ್ಕು ಸ್ವೀಡಿಷ್‌ನಲ್ಲಿ ಗೆಳತಿಗೆ ಏನೋ ಹೇಳಿದಳು. ಇಬ್ಬರೂ ನನ್ನ ಹಾಗೆ ಎದೆಯುಬ್ಬಿಸಿ ನಾಲ್ಕು ಹೆಜ್ಜೆ ನಡೆದು ತೋರಿಸಿದರು.

ಆ ಮನೆಯಲ್ಲಿ ಆಗ ಒಂದು ಆತಂಕವಿತ್ತು. ಅಳಿಯನಿಗೆ ಕಾರು ತಯಾರಿಸುವ ಕಂಪನಿಯಲ್ಲಿ ಕೆಲಸ. ವರ್ಕ್ ಪರ್ಮಿಟ್ ಮುಂದುವರಿಸಬೇಕೆಂದು ಅರ್ಜಿ ಹಾಕಿ ತಿಂಗಳುಗಳಾಗಿದ್ದರೂ ಉತ್ತರ ಬಂದಿರಲಿಲ್ಲ. ಒಪ್ಪಿಗೆ ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕು. ಗಂಡ ಹೆಂಡತಿ ಇದನ್ನೆಲ್ಲ ಊಟದ ಮೇಜಿನಲ್ಲೇ, ಮಗುವಿನ ಎದುರಿಗೇ, ಕನ್ನಡದಲ್ಲಿ ಮಾತಾಡಿಕೊಳ್ಳುತ್ತಿದ್ದರು. ಏನು ಕೇಳಿದರೂ ಸ್ವೀಡಿಷ್ ಇಲ್ಲವೇ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿಗೆ ಇಷ್ಟು ಗಟ್ಟಿ ಕನ್ನಡ ಎಲ್ಲಿ ತಿಳಿಯುತ್ತದೆ ಎಂಬುದು ಅವರ ನಂಬಿಕೆ. ನನ್ನದೂ ಅದೇ ಆಗಿತ್ತು.

ಈಗ ಮ್ಯೂಸಿಯಂ ಆಗಿದ್ದ ಆ ಗೋದಾಮಿನಲ್ಲಿ ಹಳೆಯ ಕಾಲವನ್ನು ಕೋಣೆ ಕೋಣೆಯಾಗಿ ಜೋಡಿಸಿಟ್ಟಿದ್ದರು. ನೂರು ನೂರೈವತ್ತು ವರ್ಷದ ಹಿಂದೆ, ಕಲ್ಲುನೆಲದಲ್ಲಿ ಬೆಳೆ ಬಾರದೆ ಹಸಿದ ಇಲ್ಲಿನ ಜನ ಇದೇ ಬಂದರಿನಿಂದ ಅಮೆರಿಕಕ್ಕೆ ಹಡಗು ಹತ್ತಿದರಂತೆ. ಈ ದೇಶದಿಂದಲೂ ಜನ ಹೊಟ್ಟೆಪಾಡಿಗೆ ಓಡಿದ್ದರೆಂದು ನನಗೆ ಗೊತ್ತೇ ಇರಲಿಲ್ಲ. ಮೊದಲ ಕೋಣೆಯಲ್ಲಿ ಮರದ ಪೆಟ್ಟಿಗೆಗಳು, ಆಮೇಲೆ ಹಡಗಿನ ಇಕ್ಕಟ್ಟಾದ ಅಟ್ಟಣಿಗೆ, ಅದರಾಚೆ ನ್ಯೂಯಾರ್ಕಿನ ತಪಾಸಣೆ ಹಾಲ್. ಹಾಲಿನಿಂದ ಮುಂದಕ್ಕೆ ಎರಡು ಬಾಗಿಲು. ಒಂದು ಷಿಕಾಗೋದ ಕಾರ್ಖಾನೆಗೆ, ಇನ್ನೊಂದು ಪಶ್ಚಿಮದ ಬಯಲಿಗೆ. ಬಯಲಿನಲ್ಲಿ, ಬೇರು ಮಣ್ಣಿನ ಸಮೇತ ಕತ್ತರಿಸಿದ ಹುಲ್ಲುಹೆಂಟೆ ಪೇರಿಸಿ ಕಟ್ಟಿದ ಒಂದು ಮನೆ.

ಆಟದಲ್ಲಿ ಮಕ್ಕಳೇ ವಲಸಿಗರು. ಚಳಿಗೆ ಹಾಕಿಕೊಂಡ ಜಾಕೆಟ್ಟಿನಲ್ಲೇ ಸಾಲಾಗಿ ನಿಂತರು. ಬಿಳಿ ಕೋಟಿನ ಗೈಡ್ ಡಾಕ್ಟರಂತೆ ಒಬ್ಬೊಬ್ಬರ ಕಣ್ಣು, ನಾಲಿಗೆ ನೋಡಿ ಮುಂದೆ ಬಿಡುತ್ತಿದ್ದ. ನಡುನಡುವೆ ಒಬ್ಬರ ಎದೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಗೋಡೆಯ ಬದಿಯ ಬೆಂಚು ತೋರಿಸುತ್ತಿದ್ದ. ಅವರನ್ನು ಹಡಗಿನಲ್ಲಿ ವಾಪಸ್ ಕಳಿಸುತ್ತಾರೆ ಎಂದು ಟೀಚರ್ ನನಗೆ ಇಂಗ್ಲಿಷಿನಲ್ಲಿ ವಿವರಿಸಿದರು. ಗುರುತು ಬಿದ್ದ ಹುಡುಗರು ಸುಳ್ಳುಸುಳ್ಳೇ ಅಳುತ್ತ ಬೆಂಚಿನ ಮೇಲೆ ಹೊರಳಾಡಿದರು. ನನ್ನ ಮೊಮ್ಮಗಳ ಹಳದಿ ಜಾಕೆಟ್ಟಿಗೂ ಗುರುತು ಬಿತ್ತು. ಅವಳು ನಗಲಿಲ್ಲ. ಅಷ್ಟನ್ನು ಕಂಡಿದ್ದೆ. ಅಷ್ಟರಲ್ಲಿ ಬೇರೊಂದು ಶಾಲೆಯ ಮಕ್ಕಳು ಒಳನುಗ್ಗಿ ಎರಡು ಗುಂಪೂ ಕಲೆಸಿಹೋಯಿತು. ಅವರು ಮುಂದೆ ಹೋದ ಮೇಲೆ ನಮ್ಮವರನ್ನು ಕೂಡಿಸಿ ಎಣಿಸಿದೆ.

ಟೀಚರಿಗೆ ಹೇಳಿದೆ. ಅವರು ಶೌಚಾಲಯದ ಕಡೆ ಓಡಿದರು. ಗೈಡ್ ಹಡಗಿನ ಕೋಣೆಗೆ ಹಿಂದಿರುಗಿದ. ನಾನು ಹೊರಬಾಗಿಲಿಗೆ ಹೋದೆ. ಅದು ತೆರೆದಿತ್ತು. ಹೊರಗೆ ಕಲ್ಲು ಹಾಸಿದ ಕಟ್ಟೆ, ಕಟ್ಟೆಯ ಅಂಚಿಗೇ ನೀರು. ನಡುವೆ ಒಂದು ಸರಪಳಿಯೂ ಇರಲಿಲ್ಲ.

ಕಬ್ಬಿಣದ ಬಣ್ಣದ ಆ ನೀರು ಅಲ್ಲಾಡದೆ ನಿಂತಿತ್ತು. ಅಂಚಿಗೆ ಹೋಗಿ ಬಗ್ಗಿ ನೋಡಬೇಕಿತ್ತು. ಕಾಲು ಮುಂದಕ್ಕೆ ಬರಲಿಲ್ಲ. ನೋಡಿದರೆ ಏನು ಕಂಡೀತೋ. ಕೊನೆಗೆ ಮಂಡಿಯೂರಿ, ಅಂಗೈ ನೆಲಕ್ಕೂರಿ, ತೆವಳಿಕೊಂಡೇ ಹೋಗಿ ಬಗ್ಗಿದೆ. ಪಾಚಿ, ಒಂದು ಹಗ್ಗ, ಕಾಗದದ ಲೋಟ.

"ಪುಟ್ಟೀ!" ಎಂದು ಕೂಗಿದೆ. ಮೈದಾನದ ಆಚೆ ತುದಿಗೆ ಕೇಳಿಸುತ್ತಿದ್ದ ನನ್ನ ದನಿ ಅಲ್ಲೇ ಒಡೆದುಹೋಯಿತು.

ಸೈಕಲ್ ತಳ್ಳಿಕೊಂಡು ಬಂದ ಹೆಂಗಸನ್ನು, ಹಡಗಿನ ಹಗ್ಗ ಬಿಗಿಯುತ್ತಿದ್ದ ಮನುಷ್ಯನನ್ನು ತಡೆದು ಕೇಳಿದೆ. ಹಳದಿ ಜಾಕೆಟ್, ಹಳದಿ ಜಾಕೆಟ್. ನನ್ನ ಬಾಯಿಂದ ಬೇರೆ ಮಾತೇ ಬರುತ್ತಿರಲಿಲ್ಲ. ಇಬ್ಬರೂ ಇಲ್ಲವೆಂದು ತಲೆಯಾಡಿಸಿದರು. ಆ ಮನುಷ್ಯ ಹಗ್ಗ ಬಿಟ್ಟು ನೀರಿನ ಅಂಚಿನುದ್ದಕ್ಕೂ ನೋಡುತ್ತ ನಡೆಯತೊಡಗಿದ. ಅವನು ನೀರನ್ನೇ ನೋಡುತ್ತಿದ್ದದ್ದು ನನ್ನನ್ನು ಇನ್ನಷ್ಟು ಹೆದರಿಸಿತು. ಮಗಳಿಗೆ ಫೋನ್ ಮಾಡಲು ತೆಗೆದೆ, ಮಾಡಲಿಲ್ಲ. ಏನೆಂದು ಹೇಳುವುದು?

ಒಳಗೆ ಬಂದಾಗ ಟೀಚರ್ ಮುಖ ಬಿಳಿಚಿತ್ತು. ತಾವು ಹುಲ್ಲುಹೆಂಟೆಯ ಮನೆಯಲ್ಲೂ ಇಣುಕಿ ಬಂದದ್ದಾಗಿ, ಅಲ್ಲಿ ಬೇರೆ ಶಾಲೆಯ ಮಕ್ಕಳಷ್ಟೇ ಇದ್ದಾರೆ, ಹಳದಿ ಜಾಕೆಟ್ ಇಲ್ಲ ಎಂದರು. ಆದರೂ ನಾನು ಅಲ್ಲಿಗೇ ಹೋದೆ. ಕತ್ತಲುಕೋಣೆ. ಮಕ್ಕಳೆಲ್ಲ ಸುಳ್ಳು ಒಲೆಯ ಸುತ್ತ ಗಲಾಟೆ ಮಾಡುತ್ತಿದ್ದರು. ಮಂಚದ ತುದಿಯಲ್ಲಿ, ಗೋಡೆಗೆ ಒತ್ತಿಕೊಂಡು, ಕಡುನೀಲಿ ಅಂಗಿಯ ಹುಡುಗಿಯೊಬ್ಬಳು ಮಂಡಿಗೆ ಮುಖ ಹುದುಗಿಸಿ ಕೂತಿದ್ದಳು. ಅವಳ ಜಡೆಯನ್ನು ಆ ಬೆಳಿಗ್ಗೆ ನಾನೇ ಹೆಣೆದಿದ್ದೆ.

ಜಾಕೆಟ್ಟನ್ನು ಮಗುಚಿ ತೊಟ್ಟಿದ್ದಳು. ಹಳದಿ ಒಳಗೆ, ಅಸ್ತರು ಹೊರಗೆ.

"ಪುಟ್ಟಿ, ಎಲ್ರೂ ಕೂಗ್ತಿದ್ರಲ್ಲ, ಕೇಳಿಸ್ಲಿಲ್ವಾ?"

"ಕೇಳಿಸ್ತು." ಎದೆಯ ಮೇಲೆ ಕೈ ಇಟ್ಟು ಒತ್ತಿಕೊಂಡಳು. "ತಾತ, ಮಾರ್ಕ್ ಕಾಣ್ಸುತ್ತಾ?"

"ಇಲ್ಲ ಕಣೇ. ಅದು ಬರೀ ಆಟ."

"ಅಪ್ಪಂಗೆ ಪರ್ಮಿಟ್ ಬರ್ದಿದ್ರೆ ವಾಪಸ್ ಕಳಿಸ್ತಾರೆ. ಅಮ್ಮ ಅಳ್ತಿದ್ಳು. ನಂಗೆ ಮಾರ್ಕ್ ಇದೆ ಅಂತ ಗೊತ್ತಾದ್ರೆ ಅಪ್ಪಂಗೆ ಕೊಡಲ್ಲ."

ಒಂದೂ ಸ್ವೀಡಿಷ್ ಪದವಿಲ್ಲ. ಊಟದ ಮೇಜಿನ ಮಾತುಗಳೇ, ಅದೇ ಧಾಟಿಯಲ್ಲಿ. ಅವಳನ್ನು ತಬ್ಬಿಕೊಂಡೆ.

ಗೈಡ್ ಜಾಕೆಟ್ ನೋಡಿ ಬೆರಗಾಗಿ ನಕ್ಕ. ಆ ಕಾಲದಲ್ಲಿ ನಿಜವಾಗಿಯೂ ಕೆಲವರು ಹೀಗೆ ಕೋಟು ಮಗುಚಿ ತೊಟ್ಟು ತಪಾಸಣೆ ದಾಟಿದರು ಎಂಬ ಕಥೆಯಿದೆ, ಇವಳಿಗೆ ಅದನ್ನು ಹೇಳಿಕೊಟ್ಟವರು ಯಾರು ಎಂದು ಕೇಳಿದ. ಯಾರೂ ಹೇಳಿಕೊಟ್ಟಿರಲಿಲ್ಲ. ಹೆದರಿಕೆಗೆ ತಾನಾಗಿ ಹೊಳೆದದ್ದು.

ಸಂಜೆ ಮಗಳಿಗೂ ಅಳಿಯನಿಗೂ ನಡೆದದ್ದನ್ನು ಹೇಳಿದೆ. ಮಗಳು ಕುರ್ಚಿ ಎಳೆದು ನನ್ನ ಎದುರಿಗೆ ಕೂತಳು.

"ಅವ್ಳಿಗೆ ಅರ್ಥ ಆಗಲ್ಲ ಅಂದ್ಕೊಂಡಿದ್ವಿ ಅಪ್ಪ."

"ಎಲ್ಲ ಅರ್ಥ ಆಗತ್ತಮ್ಮ. ಈಗ ಕೂರಿಸಿಕೊಂಡು ನೇರವಾಗಿ ಹೇಳು."

ಹೇಳಿದರು. ಇನ್ನೂ ಉತ್ತರ ಬಂದಿಲ್ಲ, ಬೇಡವೆಂದರೆ ಎಲ್ಲರೂ ಒಟ್ಟಿಗೇ ವಾಪಸ್ ಹೋಗುವುದು, ನಿನ್ನಿಂದ ಏನೂ ಕೆಡುವುದಿಲ್ಲ ಎಂದರು. ಅವಳು ಗಮನವಿಟ್ಟು ಕೇಳಿದಳು.

"ವಾಪಸ್ ಅಂದ್ರೆ ಎಲ್ಲಿಗೆ? ನಾನು ಅಲ್ಲಿಂದ ಬಂದೇ ಇಲ್ವಲ್ಲ."

ಅವಳು ಹುಟ್ಟಿದ್ದು ಇದೇ ಊರಿನಲ್ಲಿ.

ಅಂದಿನಿಂದ ಅವಳು ದಿನವೂ ಊಟಕ್ಕೆ ಕೂತೊಡನೆ ಕನ್ನಡದಲ್ಲೇ ಕೇಳುತ್ತಾಳೆ, "ಇವತ್ತು ಬಂತಾ?" ಮಗಳು "ಇಲ್ಲ ಪುಟ್ಟಿ" ಎನ್ನುತ್ತಾಳೆ. ಆ ಪ್ರಶ್ನೆಗೂ ಉತ್ತರಕ್ಕೂ ನಡುವೆ ಒಂದು ಕ್ಷಣ ಎಲ್ಲರ ಕೈಯೂ ತಟ್ಟೆಯ ಮೇಲೆ ನಿಂತುಬಿಡುತ್ತದೆ. ನನ್ನದೂ. ಆಮೇಲೆ ಮಗಳು ಅನ್ನ ಬಡಿಸುತ್ತಾಳೆ.