ಸನ್ಮಾನದ ಶಾಲು ಹೊದ್ದು ಮಲಗುವುದು ಹೇಗೆ?

"ನಾ ಏನ್ ಮಾಡೀನಂತ ಇದನ್ನ ಹಾಕಿದ್ರಿ?"

ಹೋದ ವಾರ ದುರುಗಪ್ಪ ನನಗೆ ಕೇಳಿದ ಪ್ರಶ್ನೆ ಇದು. ಈ ಅಂಕಣ ಬರೆಯಲು ಕುಳಿತಾಗಲೂ ನನ್ನ ಬಳಿ ಉತ್ತರವಿಲ್ಲ. ತಲೆ ಮಾತ್ರ ಕೆಟ್ಟಿದೆ.

ಮೊದಲಿನಿಂದ ಹೇಳುತ್ತೇನೆ. ಸಿಂಧನೂರಿನಲ್ಲಿ ಬಸ್ ಸ್ಟ್ಯಾಂಡಿಗೆ ಸಮೀಪ ಮನೆಯಿಲ್ಲದವರಿಗಾಗಿ ಒಂದು ತಂಗುದಾಣವಿದೆ. ಚಳಿಗಾಲ ಮುಗಿಯುವವರೆಗೆ ಅದಕ್ಕೆ ಕೈಲಾದಷ್ಟು ಮಾಡೋಣ ಎಂದು ನಾವು ವಾಕಿಂಗ್ ಗೆಳೆಯರು ಮಾತಾಡಿಕೊಂಡೆವು. ಒಬ್ಬರು ಜೋಳದ ಹಿಟ್ಟು ಕೊಡುತ್ತೇನೆಂದರು, ಇನ್ನೊಬ್ಬರು ಸ್ನಾನದ ನೀರು ಕಾಯಿಸಲು ಕಟ್ಟಿಗೆ ಒಪ್ಪಿಕೊಂಡರು. (ರಾಯಚೂರು ಜಿಲ್ಲೆಯಲ್ಲಿ ಎಲ್ಲಿಯ ಚಳಿ ಎಂದು ನಗಬೇಡಿ. ಕಾಲುವೆಗೆ ನೀರು ಬಂದು ಸುತ್ತೆಲ್ಲ ಗದ್ದೆ ತುಂಬಿದ ಮೇಲೆ ಇಲ್ಲಿನ ಸಿಮೆಂಟ್ ನೆಲದ ಮೇಲೆ ಬೆಳಗಿನವರೆಗೆ ಮಲಗಿ ನೋಡಿ, ಆಮೇಲೆ ನಗಿ.) ಹೊದಿಕೆಯ ಜವಾಬ್ದಾರಿ ನನ್ನದು ಎಂದೆ.

ಯಾಕೆ ಅಷ್ಟು ಧೈರ್ಯವಾಗಿ ಹೇಳಿದೆ ಗೊತ್ತೇ? ನನ್ನ ಅಲ್ಮಾರಿಯ ತುಂಬ ಶಾಲುಗಳಿದ್ದವು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲಿಂಗಸುಗೂರಿನಲ್ಲಿ ಪುಸ್ತಕ ಬಿಡುಗಡೆ, ಮುದಗಲ್ಲಿನಲ್ಲಿ ಶಾಲೆಯ ವಾರ್ಷಿಕ ಗ್ಯಾದರಿಂಗ್, ಮಸ್ಕಿಯಲ್ಲಿ ಯಾರದೋ ನಿವೃತ್ತಿ. ಪೇಪರಿನಲ್ಲಿ ಬರೆಯುವ ಮನುಷ್ಯ ಬಂದ ಮೇಲೆ ಶಾಲು ಹೊದಿಸದೆ ಕಳಿಸುತ್ತಾರೆಯೇ? ಭಾಷಣ ಮಾಡಿದರೂ ಶಾಲು, ಸುಮ್ಮನೆ ಕುಳಿತು ಎದ್ದು ಬಂದರೂ ಶಾಲು. ಪ್ರತಿ ದೀಪಾವಳಿಗೆ ಮನೆ ಝಾಡಿಸುವಾಗ ನನ್ನ ಹೆಂಡತಿ "ಇವನ್ನೆಲ್ಲ ಏನ್ ಮಾಡೋದ್ರೀ" ಎಂದು ಕೇಳುತ್ತಿದ್ದಳು. ಕೊನೆಗೂ ಒಂದು ದಾರಿ ಸಿಕ್ಕಿತ್ತು.

ಚೀಲಕ್ಕೆ ತುಂಬಿಕೊಂಡು ಸಂಜೆ ಹೋದೆ. ಸಾಲಾಗಿ ಕುಳಿತವರ ಹೆಗಲಿಗೆ ನಾನೇ ಒಂದೊಂದನ್ನು ಹೊದಿಸಿ, ಮಿಕ್ಕವನ್ನು ಚೀಲದ ಸಮೇತ ಅಲ್ಲೇ ಬಿಟ್ಟು ಬಂದೆ. (ಫೋಟೊ ತೆಗೆಸಿದಿರಾ ಎನ್ನುತ್ತೀರಿ. ತೆಗೆಸಿದೆ. ಸ್ಟೇಟಸ್ಸಿಗೂ ಹಾಕಿದೆ.)

ಮರುದಿನ ತಂಗುದಾಣ ನೋಡಿಕೊಳ್ಳುವ ಶಿವಮ್ಮ ಫೋನ್ ಮಾಡಿದಳು.

"ಸರ, ಉಳಿದೋರು ಎರಡೆರಡು ಶಾಲು ಹೊಚ್ಕೊಂಡು ಹೆಂಗೋ ಮಲಗ್ಯಾರ. ದುರುಗಪ್ಪಜ್ಜ ಮಾತ್ರ ಮಡಚಿ ಬಾಜೂಕ ಇಟ್ಕೊಂಡಾನ. ಹೊಚ್ಕೋ ಅಂದ್ರ ಒಲ್ಲೆ ಅಂತಾನ. ಒಂದ ಸಮನ ಕೆಮ್ಮಾಕತ್ತಾನ. ಮತ್ತ ತಂಡಿ ಹತ್ತಿದ್ರ ಎದಿಗೆ ಇಳಿತೈತಿ ಅಂತ ಡಾಕ್ಟರ್ ಹೇಳ್ಯಾರ. ನೀವ ಬಂದು ಒಂದ್ ಮಾತ್ ಹೇಳ್ರಿ."

ದುರುಗಪ್ಪ ಗುರುಗುಂಟಾ ಕಡೆಯವನು. ದುಡಿಯುವ ವಯಸ್ಸನ್ನೆಲ್ಲ ಒಬ್ಬ ಶಾಮಿಯಾನದವರ ಬಳಿ ಕಳೆದವನು. ಸುತ್ತಲಿನ ಊರುಗಳ ಮದುವೆ, ಸಭೆಗಳಿಗೆ ಕಂಬ ನೆಟ್ಟು ಬಟ್ಟೆ ಕಟ್ಟುವುದು, ಕುರ್ಚಿ ಹಾಕುವುದು, ಮುಗಿದ ಮೇಲೆ ಎತ್ತಿಡುವುದು. ಮಲಗುವುದು ಅವರದೇ ಗೋದಾಮಿನಲ್ಲಿ, ಜಮಖಾನೆಗಳ ಮೇಲೆ. ಮಾಲೀಕರು ಧಂದೆ ಮುಚ್ಚಿದಾಗ ಕುರ್ಚಿ, ಜಮಖಾನೆಗಳನ್ನು ಬೇರೆಯವರು ಕೊಂಡುಕೊಂಡರು. ದುರುಗಪ್ಪನನ್ನು ಯಾರೂ ಕರೆಯಲಿಲ್ಲ.

ನಾನು ಹೋದಾಗ ಆತ ಮೊಣಕಾಲು ಎದೆಗೆ ಒತ್ತಿಕೊಂಡು ಗೋಡೆಗೆ ಬೆನ್ನು ಆನಿಸಿ ಕುಳಿತಿದ್ದ.

"ಯಾಕ ದುರುಗಪ್ಪ, ಶಾಲು ಮನಸ್ಸಿಗೆ ಬರಲಿಲ್ಲೇನು?"

"ಛಲೋ ಐತ್ರೀ ಸಾಹೇಬ್ರ. ಆದ್ರ ನಾ ಏನ್ ಮಾಡೀನಂತ ಇದನ್ನ ಹಾಕಿದ್ರಿ?"

"ಚಳಿ ಐತಲ್ಲಪ್ಪ, ಅದಕ."

"ಚಳಿಗೆ ಶಾಲು ಹಾಕಂಗಿಲ್ರೀ. ಎಷ್ಟ್ ಸಭಾ ನೋಡೀನಿ ನಾ. ಮೊದಲ ಹೆಸರು ಕರೀತಾರ. ಇವ್ರು ಇಂಥಾದ್ದು ಮಾಡ್ಯಾರ ಅಂತ ಹೇಳ್ತಾರ. ಆಮ್ಯಾಲ ಹಾಕ್ತಾರ. ಸುಮ್ಮನ ಹಾಕಿದ್ರ ಅದು ನಂದು ಹೆಂಗಾಗತೈತಿ?"

ತಮಾಷೆ ಮಾಡುತ್ತಿದ್ದಾನೋ, ಸಿಟ್ಟಾಗಿದ್ದಾನೋ ಎಂದು ಮುಖ ನೋಡಿದೆ. ಎರಡೂ ಇರಲಿಲ್ಲ. ಗೊತ್ತಿಲ್ಲದ್ದನ್ನು ಕೇಳಿದ್ದ, ಅಷ್ಟೇ.

"ಇಷ್ಟ ಅಲ್ಲೇನು? ಹಂಗಾರ ಸನ್ಮಾನ ಮಾಡೇ ಬಿಡೂಣ" ಎಂದಳು ಶಿವಮ್ಮ.

ಊಟಕ್ಕೆ ಮೊದಲು ಎಲ್ಲರನ್ನೂ ಕೂರಿಸಿದೆವು. ಇದ್ದ ಒಂದೇ ಪ್ಲಾಸ್ಟಿಕ್ ಕುರ್ಚಿಯ ಮೇಲೆ ದುರುಗಪ್ಪ. ನಾನು ಎದ್ದು ನಿಂತು ಮಾತಾಡಿದೆ. "ದುರುಗಪ್ಪನವರು ಇಷ್ಟು ವರ್ಷ ನಮ್ಮೆಲ್ಲರ ತಲೆಯ ಮೇಲೆ ನೆರಳು ಕಟ್ಟಿದ್ದಾರೆ. ಇವರು ಹಾಕಿದ ಕುರ್ಚಿಯಲ್ಲಿ ಕೂರದವರು ಈ ಭಾಗದಲ್ಲಿ ಯಾರಿದ್ದಾರೆ?" ಎಂದು ಅದೇ ಶಾಲು ಹೊದಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ದುರುಗಪ್ಪ ಕುರ್ಚಿಯಿಂದೆದ್ದು ಮೂರೂ ದಿಕ್ಕಿಗೆ ಕೈ ಮುಗಿದ, ಥೇಟ್ ವೇದಿಕೆಯ ಮೇಲಿನವರ ಹಾಗೆ.

ಗೆದ್ದೆವು ಎಂದುಕೊಂಡೆ. ಊಟ ಮುಗಿಸಿ ಬಂದವನು ಹಸಿರು ಅಂಚಿನ ಆ ಶಾಲನ್ನು ಮೊದಲಿಗಿಂತ ನೀಟಾಗಿ ಮಡಚಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಕಟ್ಟಿಬಿಟ್ಟ.

"ಈಗ ಇದು ಮಾನದ್ದಾತ್ರೀ. ಹೊಚ್ಕೊಂಡು ಮಲಗಿದ್ರ ಹೊಲಸಾಗತೈತಿ" ಎಂದ. ಎಂದು ಕೆಮ್ಮಿದ.

ಈಗ ನಾನೇನು ಮಾಡಬೇಕಿತ್ತು, ನೀವೇ ಹೇಳಿ? ಕಾರಣವಿಲ್ಲದಿದ್ದರೂ ಹೊದೆಯುವುದಿಲ್ಲ, ಕಾರಣ ಕೊಟ್ಟರೂ ಹೊದೆಯುವುದಿಲ್ಲ. ನನ್ನ ಕೋಟು ಬಿಚ್ಚಿ ಆತನ ಮೇಲೆ ಹಾಕಿ, ಸಿಟ್ಟೋ ಅಳುವೋ ತಿಳಿಯದೆ ಮನೆಗೆ ಬಂದೆ. ಹೆಂಡತಿಗೆ ಎಲ್ಲ ಹೇಳಿದೆ.

ಅವಳು ಪೂರ್ತಿ ಕೇಳಿ, "ನೀವು ಯಾವತ್ತರ ಒಂದಿನ ಶಾಲು ಹೊಚ್ಕೊಂಡು ಮಲಗೀರೇನ್ರೀ?" ಎಂದಳು.

ಇಲ್ಲ. ನಾನು ಮಲಗುವುದು ಕೌದಿಯಲ್ಲಿ. ಅವಳ ತಾಯಿ ಹಳೆಯ ಇಳಕಲ್ ಸೀರೆಗಳನ್ನು ಸೇರಿಸಿ ಹೊಲಿದು ಕೊಟ್ಟ, ದಪ್ಪನೆಯ ಕೌದಿ. ಅವಳು ಅದನ್ನೇ ಮಂಚದಿಂದ ಎಳೆದು ಮಡಚಿ ನನ್ನ ಕೈಗಿಟ್ಟಳು. (ಈಗ ನಮ್ಮಿಬ್ಬರಿಗೂ ಒಂದೇ ಕೌದಿ. ಎಳೆದಾಟ ನಡೆದೇ ಇದೆ.)

ಮರುದಿನ ಅದನ್ನು ದುರುಗಪ್ಪನ ಮುಂದಿಟ್ಟೆ. ಈ ಸಲ ಫೋಟೊ ಇಲ್ಲ, ಭಾಷಣವೂ ಇಲ್ಲ. ಆತ ಕಾಲಿನಿಂದ ಕುತ್ತಿಗೆಯವರೆಗೆ ಎಳೆದುಕೊಂಡ. ಇದನ್ನೇಕೆ ಕೊಟ್ಟಿರಿ, ನಾನೇನು ಮಾಡಿದ್ದೇನೆ ಎನ್ನಲಿಲ್ಲ. ನನಗೆ ಜೀವ ಬಂದ ಹಾಗಾಯಿತು.

ಹೊರಡುವಾಗ ಕೌದಿಯೊಳಗಿನಿಂದ ಕರೆದ.

"ಸಾಹೇಬ್ರ, ಆ ಹಸಿರು ಅಂಚಿನ ಶಾಲು ನಿಮಗ ಮಸ್ಕ್ಯಾಗ ಹಾಕಿದ್ದಲ್ರೀ? ಆವತ್ತು ಕುರ್ಚಿ ಹಾಕಿದಾವ ನಾನ. ನಿಮಗ ಯಾಕ ಹಾಕಿದ್ರು, ಅದೊಂದು ನೆನಪಾಗವಲ್ದು ನೋಡ್ರಿ."

ಮಸ್ಕಿಯ ಓದುಗರೇ, ಆ ಸಭೆಯಲ್ಲಿ ನೀವು ಯಾರಾದರೂ ಇದ್ದಿರಾ? ನಾನೇನು ಮಾಡಿದ್ದೆ ಅಂತ ಸ್ವಲ್ಪ ಹೇಳುತ್ತೀರಾ?